ಮುಕ್ತ ತಂತ್ರಾಂಶವೂ ಕನ್ನಡ ಗಣಕತೆರೆಯೂ

೧. ವಿಷಯಪ್ರವೇಶ

ಒಂದು ಭಾಷೆಯು ಹೊಸ ಉಪಕರಣವನ್ನು ತನ್ನದಾಗಿ ಮಾಡಿಕೊಳ್ಳುವ ಬಗೆ ಎರಡು. ಉಪಕರಣದ ಒಡೆಯನು ಲಾಭವನ್ನು ಕಂಡೋ ದಾಕ್ಷಿಣ್ಯಕ್ಕೊಳಗಾಗಿಯೋ ಆ ಭಾಷೆಗೆ ಎಡೆಗೊಡುವುದು ಒಂದು. ಭಾಷೆಯನ್ನಾಡುವ ಜನರೇ ಉಪಕರಣವನ್ನು ಬಿಚ್ಚಿ, ಅದರ ಒಳಗನ್ನು ಅರಿತು, ತಮ್ಮ ಮಾತಿಗೆ ತಕ್ಕಂತೆ ತಿದ್ದಿಕೊಳ್ಳುವುದು ಇನ್ನೊಂದು. ಕನ್ನಡವು ಈ ಎರಡು ದಾರಿಗಳನ್ನೂ ಬಲ್ಲುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದಾಗ ಮಂಗಳೂರಿನ ಬಾಸೆಲ್ ಮಿಷನ್ನಿನವರು ಮುದ್ರಣಕ್ಕೆ ಕೈಹಾಕಿದರು. ೧೮೪೩ರಲ್ಲಿ ಮೋಗ್ಲಿಂಗ್ ಪಂಡಿತನ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು. ಮೊಳೆಯನ್ನು ಎರಕಹೊಯ್ದವರು ಒಬ್ಬರು, ಅದನ್ನು ಬಳಸಿದವರು ಮತ್ತೊಬ್ಬರು ಎಂಬ ಸ್ಥಿತಿಯು ಬಹುಕಾಲ ನಡೆದುಬಂತು. ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದಮೇಲೆ ಕನ್ನಡಿಗರೇ ಪಾರಿಭಾಷಿಕ ಪದಗಳ ಹೊಣೆಯನ್ನು ಹೊತ್ತರು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು.

ಗಣಕಯಂತ್ರದ ವಿಷಯದಲ್ಲಿಯೂ ಇದೇ ಪ್ರಶ್ನೆಯು ಮತ್ತೆ ಎದ್ದಿತು. ಯಂತ್ರವು ತನ್ನ ತೆರೆಯ ಮೇಲೆ ಬಳಕೆದಾರನೊಡನೆ ಆಡುವ ಮಾತು ಯಾವ ಭಾಷೆಯದಾಗಿರಬೇಕು? ಆ ಮಾತನ್ನು ಯಾರು ನಿರ್ಣಯಿಸಬೇಕು? ತಪ್ಪಿದ್ದರೆ ತಿದ್ದುವ ಅಧಿಕಾರ ಯಾರದು? ಈ ಪ್ರಶ್ನೆಗಳಿಗೆ ಮುಕ್ತ ತಂತ್ರಾಂಶವೆಂಬ ಸಮುದಾಯ ಪ್ರಯತ್ನವು ಕೊಟ್ಟ ಉತ್ತರವನ್ನೂ, ಆ ಉತ್ತರದಲ್ಲಿ ಕನ್ನಡದ ವ್ಯಾಕರಣಕ್ಕೂ ಲಿಪಿಗೂ ಪದಸಂಪತ್ತಿಗೂ ಒದಗಿದ ಪರೀಕ್ಷೆಗಳನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಮುಕ್ತ ತಂತ್ರಾಂಶದ ಲಕ್ಷಣ

ತಂತ್ರಾಂಶವೆಂದರೆ ಯಂತ್ರವು ನಡೆದುಕೊಳ್ಳಬೇಕಾದ ಆದೇಶಗಳ ಸಮೂಹ. ಇದಕ್ಕೆ ಎರಡು ರೂಪಗಳುಂಟು. ಮನುಷ್ಯನು ಓದಿ ತಿಳಿಯಬಹುದಾದ ಭಾಷೆಯಲ್ಲಿ ಬರೆದದ್ದು ಮೂಲಸಂಕೇತ. ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳಾಗಿ ಮಾರ್ಪಡಿಸಿದ್ದು ಎರಡನೆಯದು. ಮಾರುಕಟ್ಟೆಯಲ್ಲಿ ದೊರೆಯುವ ತಂತ್ರಾಂಶಗಳಲ್ಲಿ ಬಹುಪಾಲು ಎರಡನೆಯ ರೂಪದಲ್ಲಿ ಮಾತ್ರ ಕೈಸೇರುತ್ತವೆ. ಕೊಂಡವನು ಅದನ್ನು ನಡೆಸಬಹುದೇ ಹೊರತು ಅದರ ಒಳಗಣ ರಚನೆಯನ್ನು ನೋಡಲಾರನು, ತಿದ್ದಲಾರನು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೩ರಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿ, ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ಹಂಚುವ, ತಿದ್ದಿ ಹಂಚುವ ನಾಲ್ಕು ಬಗೆಯ ಸ್ವಾತಂತ್ರ್ಯವು ಬಳಕೆದಾರನಿಗೆ ಇರತಕ್ಕದ್ದೆಂದು ಪ್ರತಿಪಾದಿಸಿದರು. ೧೯೮೯ರಲ್ಲಿ ಹೊರಬಿದ್ದ ‘ಜಿಪಿಎಲ್’ ಎಂಬ ಪರವಾನಗಿ ಪತ್ರವು ಈ ತತ್ತ್ವಕ್ಕೆ ಕಾನೂನಿನ ರೂಪವನ್ನು ಕೊಟ್ಟಿತು. ಅದರ ವೈಶಿಷ್ಟ್ಯವೇನೆಂದರೆ, ತಿದ್ದಿದವನು ತನ್ನ ತಿದ್ದುಪಡಿಯನ್ನು ಪರರಿಗೆ ಹಂಚುವಾಗ ಅದೇ ಸ್ವಾತಂತ್ರ್ಯಗಳೊಡನೆ ಹಂಚತಕ್ಕದ್ದು. ಪಡೆದ ವಿದ್ಯೆಯನ್ನು ಮುಚ್ಚಿಡಲು ಅಲ್ಲಿ ಅವಕಾಶವಿಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಪ್ರಕಟಿಸಿದರು. ಸಾಮಾನ್ಯ ಬಳಕೆದಾರನಿಗೆ ಬೇಕಾದ ಚಿತ್ರರೂಪದ ತೆರೆಯನ್ನು ಒದಗಿಸಲು ೧೯೯೬ರಲ್ಲಿ ‘ಕೆಡಿಇ’, ೧೯೯೭ರಲ್ಲಿ ‘ಗ್ನೋಮ್’ ಎಂಬ ಎರಡು ಸಮುದಾಯಗಳು ಹುಟ್ಟಿಕೊಂಡವು. ಇವುಗಳ ಸುತ್ತ ಬರಹಕ್ಕೆ, ಲೆಕ್ಕಕ್ಕೆ, ಚಿತ್ರಕ್ಕೆ ಬೇಕಾದ ತಂತ್ರಾಂಶಗಳು ಬೆಳೆದವು.

ಇಲ್ಲಿ ಉಚಿತವೆಂಬುದಕ್ಕೂ ಮುಕ್ತವೆಂಬುದಕ್ಕೂ ಇರುವ ಭೇದವನ್ನು ಗಮನಿಸಬೇಕು. ಉಚಿತವಾದದ್ದೆಲ್ಲ ಮುಕ್ತವಾಗಲಾರದು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡಿಗರಿಗೆ ಮಾಡಿದ ಉಪಕಾರವು ಅಳತೆಗೆ ಮೀರಿದ್ದು, ಲಕ್ಷಾಂತರ ಜನರು ಯಂತ್ರದ ಮುಂದೆ ಕುಳಿತು ಕನ್ನಡವನ್ನು ಬರೆಯುವಂತಾದದ್ದು ಅವುಗಳಿಂದಲೇ. ಆದರೆ ಅವು ಬಳಕೆದಾರನ ಕೈಗೆ ಬಂದದ್ದು ಸಿದ್ಧ ವಸ್ತುಗಳಾಗಿ. ‘ಬರಹ’ವು ಮೊದಲು ಉಚಿತವಾಗಿದ್ದು ಕಾಲಾಂತರದಲ್ಲಿ ಬೆಲೆಯುಳ್ಳದ್ದಾಯಿತು. ಕರ್ತೃವಿನ ಪರಿಶ್ರಮಕ್ಕೆ ಬೆಲೆ ಬೇಡವೆನ್ನುವವರು ಯಾರೂ ಇಲ್ಲ. ಆದರೂ ಒಂದು ಭಾಷೆಯ ಬರವಣಿಗೆಯು ಒಬ್ಬರ ಆಯುಸ್ಸನ್ನೂ ಅನುಕೂಲವನ್ನೂ ನೆಚ್ಚಿಕೊಂಡಿರುವುದು ಕ್ಷೇಮವಲ್ಲವೆಂಬುದು ಸ್ಪಷ್ಟ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದೊಡನೆ ಸೇರಿ ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿದ್ದರ ಹಿಂದೆಯೂ ಇಂತಹ ಚಿಂತೆಯೇ ಇದ್ದಿತು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಮುಕ್ತ ತಂತ್ರಾಂಶದ ಕಾರ್ಯವಿಧಾನವು ಹೊಸದೆಂದು ತೋರಲಾರದು. ಒಂದು ಕಾವ್ಯದ ಓಲೆಪ್ರತಿಗಳನ್ನು ಕಲೆಹಾಕಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುವ ಸಂಪಾದಕನು, ಲಿಪಿಕಾರನು ಎಲ್ಲಿ ತಿದ್ದಿದನು, ಏಕೆ ತಿದ್ದಿದನು ಎಂಬುದನ್ನು ಊಹಿಸಬೇಕಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ಯಾರಿಂದ, ಯಾವ ದಿನ, ಯಾವ ಕಾರಣಕ್ಕಾಗಿ ನಡೆಯಿತೆಂಬುದು ದಾಖಲೆಯಲ್ಲಿ ಉಳಿಯುತ್ತದೆ; ಹಳೆಯ ಪಾಠವನ್ನು ಬೇಕೆಂದಾಗ ಮರಳಿ ಪಡೆಯಬಹುದು. ಸಾವಿರ ಲಿಪಿಕಾರರಿದ್ದೂ ಪಾಠವು ಕೆಡದಂತೆ ಕಾಯುವ ಏರ್ಪಾಡು ಇದು.

೩. ಬೆಂಗಳೂರಿನ ಹೊರವಲಯ

ಈ ಕಾರ್ಯವು ಕನ್ನಡನಾಡಿನಲ್ಲಿ ಬೇರೂರಿದ ಪರಿಸರವನ್ನು ಸ್ವಲ್ಪ ಪರಿಶೀಲಿಸಬೇಕು. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ೧೮೮೨ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಆಂಗ್ಲೋ-ಇಂಡಿಯನ್ನರ ಕೃಷಿನೆಲೆಯಾಗಿ ಹುಟ್ಟಿದ ಊರು. ವಾಯವ್ಯದ ಪೀಣ್ಯವು ಯಂತ್ರದ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಖಾನೆಗಳ ಬೀಡು. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯು ರಾಜ್ಯಸರ್ಕಾರದ ‘ಕಿಯೋನಿಕ್ಸ್’ ಸಂಸ್ಥೆಯು ೧೯೭೮ರ ಸುಮಾರಿನಲ್ಲಿ, ಆರ್. ಕೆ. ಬಾಳಿಗರ ನೇತೃತ್ವದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ಹೊಲಗಳಲ್ಲಿ ಕಟ್ಟತೊಡಗಿದ ನಗರ. ೧೯೯೯ರಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ೨೦೦೩ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದು ನೆಲೆಸಿತು.

ಈ ವಲಯಗಳಲ್ಲಿ ಲೋಕದ ದೊಡ್ಡ ದೊಡ್ಡ ಬ್ಯಾಂಕುಗಳಿಗೂ ವಿಮಾನಸಂಸ್ಥೆಗಳಿಗೂ ಬೇಕಾದ ತಂತ್ರಾಂಶವು ಹಗಲಿರುಳು ತಯಾರಾಗುತ್ತಿದ್ದರೂ, ಆ ಕೆಲಸಗಾರರ ತೆರೆಗಳ ಮೇಲೆ ಕನ್ನಡದ ಒಂದು ಅಕ್ಷರವನ್ನು ಕಾಣುವುದೂ ಅಪರೂಪವಾಗಿತ್ತು. ಕನ್ನಡದಲ್ಲಿ ತೆರೆಯನ್ನು ಸಿದ್ಧಪಡಿಸುವ ಕೆಲಸಕ್ಕೆ ಗಿರಾಕಿಯಿಲ್ಲ. ಗಿರಾಕಿಯಿಲ್ಲದ ಕೆಲಸಕ್ಕೆ ಕಂಪೆನಿಗಳಲ್ಲಿ ವೇಳೆಯಿಲ್ಲ. ಹೀಗಿರಲಾಗಿ ಆ ಕಾರ್ಯವು ಅದೇ ಇಂಜಿನಿಯರುಗಳ ಸಂಜೆಗಳಿಗೂ ಭಾನುವಾರಗಳಿಗೂ ಬಿತ್ತು. ೨೦೦೧ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ, ೨೦೦೫ರಿಂದ ‘ಫಾಸ್ ಡಾಟ್ ಇನ್’ ಎಂದು ಕರೆಸಿಕೊಂಡು, ೨೦೧೨ರವರೆಗೆ ನಡೆದ ಸಮ್ಮೇಳನಗಳು ಇಂತಹ ಆಸಕ್ತರನ್ನು ಒಂದೆಡೆ ಸೇರಿಸಿದವು. ಅತುಲ್ ಚಿಟ್ನಿಸ್ ಅವರು ಆ ಸಮ್ಮೇಳನಗಳ ಪ್ರಮುಖ ಪ್ರವರ್ತಕರು. ಅದೇ ಅವಧಿಯಲ್ಲಿ, ೨೦೦೩ರಲ್ಲಿ, ಕನ್ನಡ ವಿಕಿಪೀಡಿಯವೂ ಆರಂಭವಾಯಿತು. ತೆರೆಯ ಮಾತುಗಳನ್ನು ಅನುವಾದಿಸುವವರೂ ವಿಶ್ವಕೋಶಕ್ಕೆ ಬರೆಯುವವರೂ ಅನೇಕ ವೇಳೆ ಒಬ್ಬರೇ ಆಗಿದ್ದರು. ವೇತನದ ಕೆಲಸವೂ ಇದರೊಡನೆ ಬೆರೆತಿತು: ‘ರೆಡ್ ಹ್ಯಾಟ್’ ಎಂಬ ಸಂಸ್ಥೆಯು ಭಾರತೀಯ ಭಾಷೆಗಳಿಗೆಂದು ಅನುವಾದಕರನ್ನು ನಿಯಮಿಸಿದ್ದರಿಂದ ಗ್ನೋಮ್, ಕೆಡಿಇ ಮುಂತಾದವುಗಳ ಕನ್ನಡ ಅನುವಾದವು ಕೆಲವು ವರ್ಷಗಳ ಕಾಲ ತ್ವರಿತವಾಗಿ ಮುಂದುವರಿಯಿತು.

೪. ಲಿಪಿಯ ಸಮಸ್ಯೆ

ತೆರೆಯು ಕನ್ನಡದಲ್ಲಿ ಮಾತನಾಡಬೇಕಾದರೆ ಮೊದಲು ಅಕ್ಷರಗಳು ಯಂತ್ರಕ್ಕೆ ಗೊತ್ತಿರಬೇಕು. ಹಿಂದಿನ ಪದ್ಧತಿಯಲ್ಲಿ ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು ಮುಂತಾದ ತುಣುಕುಗಳನ್ನು ಕೂರಿಸಿ ಕಣ್ಣಿಗೆ ಕನ್ನಡವಾಗಿ ಕಾಣುವಂತೆ ಮಾಡುತ್ತಿದ್ದರು. ಯಂತ್ರದ ದೃಷ್ಟಿಯಲ್ಲಿ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಆ ಅಚ್ಚಿನ ಮೊಳೆಯಿಲ್ಲದ ಯಂತ್ರದಲ್ಲಿ ಬರಹವು ಓದಲಾಗದು, ಪದವನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಈ ರೀತಿಯಲ್ಲಿ ಬೆರಳಚ್ಚಾದ ಸಂಶೋಧನ ಪ್ರಬಂಧಗಳೂ ಗ್ರಂಥಗಳೂ ನಾಡಿನ ವಿದ್ಯಾಸಂಸ್ಥೆಗಳಲ್ಲಿ ರಾಶಿರಾಶಿಯಾಗಿವೆ.

ಪರಿಹಾರವಾಗಿ ಬಂದದ್ದು ‘ಯೂನಿಕೋಡ್’ ಎಂಬ ವಿಶ್ವಸಂಕೇತ. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ದೊರೆತವು. ಭಾರತ ಸರ್ಕಾರದ ‘ಇಸ್ಕಿ’ ಎಂಬ ಸಂಕೇತಪಟ್ಟಿಯ ಕ್ರಮವೇ ಇದಕ್ಕೆ ಆಧಾರ. ಇಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸ್ವತಂತ್ರ ಸ್ಥಾನವಿದ್ದು, ಒತ್ತಕ್ಷರದ ಆಕಾರವನ್ನು ಯಂತ್ರವು ವ್ಯಂಜನ, ವಿರಾಮ, ವ್ಯಂಜನ ಎಂಬ ಅನುಕ್ರಮದಿಂದ ತಾನೇ ಕಟ್ಟಿಕೊಳ್ಳುತ್ತದೆ.

ಆದರೆ ಈ ಪಟ್ಟಿಯಲ್ಲಿ ಹಳಗನ್ನಡದ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಸ್ಖಾಲಿತ್ಯವು ಉಳಿದುಬಂದಿದೆ. ೞಕಾರದ ಸ್ಥಾನಕ್ಕೆ ಅಧಿಕೃತವಾಗಿ ಕೊಟ್ಟಿರುವ ಹೆಸರು ‘ಕನ್ನಡ ಅಕ್ಷರ ಫ’ ಎಂದು. ಅದೂ ಇಂಗ್ಲಿಷಿನ ದಂತೋಷ್ಠ್ಯವಾದ ಫಕಾರವನ್ನು ಸೂಚಿಸುವ ಹೆಸರು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಯಾವ ಅಕ್ಷರದ ಪದಗಳನ್ನು ಪಟ್ಟಿಮಾಡಿ ಕೊಟ್ಟನೋ, ಹಳಗನ್ನಡದ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಯಾವುದು ಹೆಜ್ಜೆಹೆಜ್ಜೆಗೂ ಕಾಣುವುದೋ, ಆ ಅಕ್ಷರವು ಲೋಕದ ಎಲ್ಲ ಯಂತ್ರಗಳಲ್ಲಿಯೂ ಪರನಾಮದಿಂದ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲವೆಂಬುದು ಯೂನಿಕೋಡ್ ಮಂಡಲಿಯ ನಿಯಮ. ಆದುದರಿಂದ ತಪ್ಪನ್ನು ತಿದ್ದಲು ಸಾಧ್ಯವಾಗದೆ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸಮಾಧಾನಪಡಬೇಕಾಯಿತು. ಪಟ್ಟಿಯು ತಯಾರಾದ ಕಾಲದಲ್ಲಿ ಹಳಗನ್ನಡವನ್ನು ಬಲ್ಲವರೊಬ್ಬರು ಅದನ್ನು ಓದಿನೋಡಿದ್ದರೆ ಒಂದು ನಿಮಿಷದಲ್ಲಿ ಪರಿಹಾರವಾಗುತ್ತಿದ್ದ ತಪ್ಪು ಶಾಶ್ವತವಾಗಿ ನಿಂತಿತು.

ಯೂನಿಕೋಡ್ ಮಂಡಲಿಗೆ ಯಾರು ಬೇಕಾದರೂ ಆಧಾರಸಹಿತವಾಗಿ ಸೂಚನೆಯನ್ನು ಸಲ್ಲಿಸಬಹುದು. ಇಂತಹ ಸೂಚನೆಗಳ ಫಲವಾಗಿ ಪಟ್ಟಿಯು ಕ್ರಮೇಣ ತುಂಬಿಕೊಂಡಿತು. ಅವಗ್ರಹ ಮತ್ತು ನುಕ್ತಾ ಚಿಹ್ನೆಗಳು ೨೦೦೩ರಲ್ಲಿಯೂ, ಜಿಹ್ವಾಮೂಲೀಯ ಉಪಧ್ಮಾನೀಯಗಳು ೨೦೦೬ರಲ್ಲಿಯೂ, ಸಿದ್ಧಂ ಚಿಹ್ನೆಯು ೨೦೧೮ರಲ್ಲಿಯೂ, ‘ನಕಾರಪೊಲ್ಲು’ ಎಂಬ ಅಕ್ಷರವು ೨೦೨೧ರಲ್ಲಿಯೂ ಸ್ಥಾನವನ್ನು ಪಡೆದವು. ಇವುಗಳಲ್ಲಿ ಕೆಲವು ಶಾಸನಪಾಠಗಳನ್ನೂ ಹಸ್ತಪ್ರತಿಗಳನ್ನೂ ಯಥಾವತ್ತಾಗಿ ಅಚ್ಚುಮಾಡುವವರಿಗೆ ಅತ್ಯವಶ್ಯವಾದವು.

ಅರ್ಕಾವೊತ್ತಿನ ವಿಷಯವೂ ಗಮನಾರ್ಹ. ‘ಕಾರ್ಯ’ ಎಂಬುದನ್ನು ಯಕಾರದ ಬಲಕ್ಕೆ ಅರ್ಕಾವೊತ್ತನ್ನಿಟ್ಟು ಬರೆಯುವುದೂ, ರಕಾರದ ಕೆಳಗೆ ಯಕಾರದ ಒತ್ತನ್ನಿಟ್ಟು ‘ಕಾರ‍್ಯ’ ಎಂದು ಬರೆಯುವುದೂ ಹಳೆಯ ಮುದ್ರಣಗಳಲ್ಲಿ ರೂಢಿಯಲ್ಲಿವೆ. ಎರಡಕ್ಕೂ ಅಕ್ಷರಗಳ ಅನುಕ್ರಮವು ಒಂದೇ ಆದುದರಿಂದ ಯಂತ್ರವು ಸ್ವಭಾವತಃ ಅರ್ಕಾವೊತ್ತನ್ನೇ ಬರೆಯುತ್ತದೆ. ಎರಡನೆಯ ರೂಪವು ಬೇಕಾದಲ್ಲಿ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕು. ‘ರ‍್ಯಾಂಕ್’ ಎಂಬಂತಹ ಅನ್ಯದೇಶ್ಯ ಪದಗಳಲ್ಲಿ ಇದು ದಿನಬಳಕೆಯ ಅಗತ್ಯ.

ಅಕ್ಷರದ ಆಕಾರಗಳೂ ಮುಕ್ತವಾಗಿ ದೊರೆಯಬೇಕಷ್ಟೆ. ರೆಡ್ ಹ್ಯಾಟ್ ಸಂಸ್ಥೆಯು ೨೦೦೪ರಲ್ಲಿ ಭಾರತೀಯ ಲಿಪಿಗಳಿಗಾಗಿ ‘ಲೋಹಿತ್’ ಎಂಬ ಅಕ್ಷರಮಾಲೆಯನ್ನು ಜಿಪಿಎಲ್ ಪರವಾನಗಿಯಲ್ಲಿ ಬಿಡುಗಡೆಮಾಡಿತು. ಮುಂದೆ ಕನ್ನಡವೂ ಅದರಲ್ಲಿ ಸೇರಿತು. ಲೋಹಿತವೆಂದರೆ ಕೆಂಪು, ಸಂಸ್ಥೆಯ ಹೆಸರಿನ ‘ಕೆಂಪು ಟೊಪ್ಪಿಗೆ’ಯನ್ನು ಸಂಸ್ಕೃತದಲ್ಲಿ ನೆನಪಿಸುವ ಹೆಸರದು. ಅರವಿಂದ ವಿ. ಕೆ. ಅವರು ರಚಿಸಿದ ‘ಗುಬ್ಬಿ’, ‘ನವಿಲು’ ಎಂಬ ಅಕ್ಷರವಿನ್ಯಾಸಗಳು ಕನ್ನಡಿಗರ ಸ್ವಪ್ರಯತ್ನದ ಫಲ. ‘ಡೆಬಿಯನ್’ ಎಂಬ ಜಗದ್ವ್ಯಾಪಿ ತಂತ್ರಾಂಶಕೋಶದಲ್ಲಿ ಇವು ಸೇರಿಕೊಂಡಿವೆ.

ಕೀಲಿಮಣೆಯ ಕಥೆಯು ಇನ್ನೂ ಸ್ವಾರಸ್ಯವಾದುದು. ಕೆ. ಪಿ. ರಾವ್ ಅವರು ಕನ್ನಡ ವರ್ಣಮಾಲೆಯ ಶಾಸ್ತ್ರೀಯ ಕ್ರಮವನ್ನು ಅನುಸರಿಸಿ ಇಂಗ್ಲಿಷ್ ಕೀಲಿಮಣೆಯ ೨೬ ಅಕ್ಷರಗಳಲ್ಲಿಯೇ ಸಮಸ್ತ ಕನ್ನಡವನ್ನೂ ಅಡಕಮಾಡಿದರು. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಒಂದೇ ಕೀಲಿ. ಒಂದು ಸಹಾಯಕ ಕೀಲಿಯನ್ನು ಒತ್ತಿದರೆ ಮಹಾಪ್ರಾಣ. ವ್ಯಂಜನಗಳನ್ನು ಬೆಸೆಯಲು ಒಂದು ಪ್ರತ್ಯೇಕ ಕೀಲಿ. ಈ ವಿನ್ಯಾಸವು ರಾಜ್ಯಸರ್ಕಾರದ ಮನ್ನಣೆಯನ್ನು ಪಡೆದು ‘ಕಗಪ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸಮುದಾಯದವರು ಇದನ್ನು ಲಿನಕ್ಸಿನ ಕೀಲಿಮಣೆಗಳ ಸಾಮಾನ್ಯ ಭಂಡಾರಕ್ಕೆ ಸೇರಿಸಿದ್ದರಿಂದ, ಲೋಕದ ಯಾವ ಮೂಲೆಯಲ್ಲಿ ಲಿನಕ್ಸನ್ನು ಸ್ಥಾಪಿಸಿದರೂ ಕೇಂದ್ರಸರ್ಕಾರದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದೊಡನೆ ಕಗಪವೂ ದೊರೆಯುವಂತಾಯಿತು.

೫. ತೆರೆಯ ಮಾತು: ಪದವೂ ವ್ಯಾಕರಣವೂ

ಅನುವಾದದ ಕಾರ್ಯವು ನಡೆಯುವ ಬಗೆ ಹೀಗೆ: ತಂತ್ರಾಂಶದಲ್ಲಿ ಬರುವ ಪ್ರತಿಯೊಂದು ಇಂಗ್ಲಿಷ್ ಮಾತೂ ಒಂದು ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತದೆ, ಅದರ ಕೆಳಗೆ ಖಾಲಿಬಿಟ್ಟ ಸ್ಥಳದಲ್ಲಿ ಕನ್ನಡವನ್ನು ತುಂಬಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ. ಇದಕ್ಕೆ ಯಂತ್ರವಿದ್ಯೆಯ ಜ್ಞಾನವು ಅಷ್ಟಾಗಿ ಬೇಕಾಗದು. ಭಾಷೆಯ ಜ್ಞಾನವು ಮಾತ್ರ ಬಹಳವಾಗಿ ಬೇಕು.

ಮೊದಲನೆಯದು ಪದಗಳ ಪ್ರಶ್ನೆ. ಕಾಗದಪತ್ರಗಳ ಸಂಚಯವನ್ನು ಸೂಚಿಸುವ ‘ಫೈಲ್’ ಎಂಬುದಕ್ಕೆ ‘ಕಡತ’ವೆಂಬ ಮಾತು ನಿಂತಿತು. ಕಡತವೆಂದರೆ ಪೂರ್ವದಲ್ಲಿ ಇದ್ದಿಲು ಮುಂತಾದವುಗಳ ಸರಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಪುಸ್ತಕ. ವರ್ತಕರೂ ಶಾನುಭೋಗರೂ ಮಠಗಳವರೂ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದುದು ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಪರಿಚಿತವಾದವು. ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಆ ವಸ್ತುವಿನ ಹೆಸರು ಕಛೇರಿಗಳಲ್ಲಿ ಹಾದು ಗಣಕಯಂತ್ರಕ್ಕೆ ಬಂದಿರುವುದು ಎಷ್ಟೂ ಉಚಿತವಾಗಿದೆ. ‘ಗಣಕ’ನೆಂಬುದಾದರೂ ಲೆಕ್ಕಿಗನಿಗೂ ಜ್ಯೋತಿಷಿಗೂ ಇದ್ದ ಹಳೆಯ ಹೆಸರೇ. ‘ಕಡತಕೋಶ’, ‘ಕೀಲಿಮಣೆ’, ‘ಗುಪ್ತಪದ’, ‘ಗಣಕತೆರೆ’, ‘ಕೊಂಡಿ’ ಮುಂತಾದವು ಹೀಗೆಯೇ ರೂಢಿಗೆ ಬಂದವು. ಇವುಗಳಲ್ಲಿ ಕೆಲವು ಅನುವಾದಕರ ವಲಯದಿಂದ ಹೊರಬಂದು ವರ್ತಮಾನಪತ್ರಿಕೆಗಳಲ್ಲಿಯೂ ನೆಲೆಗೊಂಡಿವೆ. ಕೆಲವು ತೆರೆಯ ಮೇಲೆಯೇ ಉಳಿದಿವೆ.

ಒಂದೇ ಇಂಗ್ಲಿಷ್ ಪದಕ್ಕೆ ಬೇರೆ ಬೇರೆ ಅನುವಾದಕರು ಬೇರೆ ಬೇರೆ ಕನ್ನಡ ಪದಗಳನ್ನು ಕೊಟ್ಟರೆ ಬಳಕೆದಾರನು ದಿಕ್ಕುಗಾಣನು. ನೆರವೆಂದು ಒಂದೆಡೆ, ಸಹಾಯವೆಂದು ಇನ್ನೊಂದೆಡೆ ಕಂಡರೆ ಎರಡೂ ಒಂದೇ ಎಂಬುದನ್ನು ಅವನು ಊಹಿಸಬೇಕು. ಇದನ್ನು ನಿವಾರಿಸಲು ೨೦೦೮ರಲ್ಲಿ ‘ಫ್ಯೂಯೆಲ್’ ಎಂಬ ಯೋಜನೆಯು ಆರಂಭವಾಗಿ, ಪದೇಪದೇ ಬರುವ ಐನೂರಕ್ಕೂ ಮಿಕ್ಕ ಮಾತುಗಳನ್ನು ಆರಿಸಿ ಆಯಾ ಭಾಷೆಯವರು ಏಕರೂಪವಾಗಿ ನಿಷ್ಕರ್ಷಿಸುವಂತೆ ಮಾಡಿತು. ಮೊದಲು ಹಿಂದಿಗೆ, ಆಮೇಲೆ ಕನ್ನಡವೂ ಸೇರಿ ಇತರ ಭಾಷೆಗಳಿಗೆ ಇದು ಹಬ್ಬಿತು. ಪರಿಭಾಷಾಸಮಿತಿಗಳು ಹಿಂದೆ ಮಾಡುತ್ತಿದ್ದ ಕೆಲಸವೇ ಇದು. ಆದರೆ ನಿರ್ಣಯವು ಮರುದಿನವೇ ಬಳಕೆದಾರನ ಕಣ್ಣೆದುರು ಪರೀಕ್ಷೆಗೆ ಒಳಗಾಗುವುದೊಂದು ಹೊಸ ಸಂಗತಿ.

ಎರಡನೆಯದು ವಿಧ್ಯರ್ಥದ ಪ್ರಶ್ನೆ. ಇಂಗ್ಲಿಷಿನಲ್ಲಿ ಆಜ್ಞೆಗೂ ಬಿನ್ನಹಕ್ಕೂ ಕ್ರಿಯಾರೂಪವು ಒಂದೇ. ಕನ್ನಡದಲ್ಲಿ ‘ತೆರೆ’ ಎನ್ನಬೇಕೆ, ‘ತೆರೆಯಿರಿ’ ಎನ್ನಬೇಕೆ ಎಂಬುದನ್ನು ನಿರ್ಧರಿಸಲು ಯಾರು ಯಾರಿಗೆ ಹೇಳುವ ಮಾತೆಂಬುದನ್ನು ಮೊದಲು ತಿಳಿಯಬೇಕು. ತೆರೆಯ ಮೇಲ್ಗಡೆಯ ಪಟ್ಟಿಯಲ್ಲಿರುವುದು ಬಳಕೆದಾರನು ಯಂತ್ರಕ್ಕೆ ಕೊಡುವ ಆಜ್ಞೆ. ಅಲ್ಲಿ ‘ತೆರೆ’, ‘ಉಳಿಸು’, ‘ಮುದ್ರಿಸು’ ಎಂಬ ಏಕವಚನವೇ ಯುಕ್ತ. ಯಂತ್ರವು ಬಳಕೆದಾರನಿಗೆ ಹೇಳುವ ಮಾತಾದರೆ ‘ಗುಪ್ತಪದವನ್ನು ನಮೂದಿಸಿ’ ಎಂದು ಗೌರವದಿಂದ ಹೇಳಬೇಕು. ಇಂಗ್ಲಿಷಿನಲ್ಲಿ ಕಾಣದ ಒಂದು ವಿವಕ್ಷೆಯನ್ನು ಕನ್ನಡದ ಅನುವಾದಕರು ಹೀಗೆ ಸ್ಫುಟಗೊಳಿಸಿದರು.

ಮೂರನೆಯದು ಎಲ್ಲಕ್ಕಿಂತ ಕಠಿನವಾದ ಸಂಧಿಯ ಪ್ರಶ್ನೆ. ತಂತ್ರಾಂಶದ ವಾಕ್ಯಗಳಲ್ಲಿ ಕಡತದ ಹೆಸರು ಬರಬೇಕಾದ ಕಡೆ ಒಂದು ಖಾಲಿ ಸ್ಥಾನವಿರುತ್ತದೆ. ಸಂದರ್ಭಕ್ಕೆ ತಕ್ಕ ಹೆಸರನ್ನು ಯಂತ್ರವು ಅಲ್ಲಿ ಕೂರಿಸುತ್ತದೆ. ಇಂಗ್ಲಿಷಿನಲ್ಲಿ ನಾಮಪದವು ವಿಭಕ್ತಿಯಿಂದ ಮಾರ್ಪಡದ ಕಾರಣ ತೊಂದರೆಯಿಲ್ಲ. ಕನ್ನಡದಲ್ಲಿಯಾದರೋ ಪ್ರತ್ಯಯವು ಪ್ರಕೃತಿಗೆ ಅಂಟಿಕೊಳ್ಳುತ್ತದೆ. ‘ಕಡತ’ಕ್ಕೆ ‘ಅನ್ನು’ ಸೇರಿದರೆ ವಕಾರಾಗಮವಾಗಿ ‘ಕಡತವನ್ನು’. ‘ಹಾಳೆ’ಗೆ ಸೇರಿದರೆ ಯಕಾರಾಗಮವಾಗಿ ‘ಹಾಳೆಯನ್ನು’. ‘ಊರಿ’ಗೆ ಸೇರಿದರೆ ಲೋಪಸಂಧಿಯಾಗಿ ‘ಊರನ್ನು’. ಕೊನೆಯ ಸ್ವರವನ್ನು ನೋಡಿ ನಿರ್ಣಯಿಸೋಣವೆಂದರೆ ಅದೂ ಸಾಲದು: ‘ಊರು’, ‘ಗುರು’ ಎರಡೂ ಉಕಾರಾಂತಗಳೇ ಆದರೂ ಒಂದು ‘ಊರನ್ನು’, ಇನ್ನೊಂದು ‘ಗುರುವನ್ನು’. ಲೋಪಾಗಮಗಳನ್ನು ವಿವೇಚಿಸಿದ ವೈಯಾಕರಣರ ಸೂತ್ರಗಳು ಯಂತ್ರದೊಳಗೆ ಇಲ್ಲ. ಇದ್ದರೂ ಹೆಸರು ಲ್ಯಾಟಿನ್ ಲಿಪಿಯಲ್ಲಿ ಬಂದರೆ ಅವು ನಿರುಪಯೋಗ.

ಅನುವಾದಕರು ಕಂಡುಕೊಂಡ ಉಪಾಯಗಳು ಎರಡು. ಪ್ರತ್ಯಯವನ್ನು ಬಿಡಿಸಿ, ಹೆಸರಿನ ಮುಂದೆ ತೆರಪು ಬಿಟ್ಟು ‘ಅನ್ನು’ ಎಂದು ಬರೆಯುವುದು ಒಂದು; ಇದು ಸುಲಭವಾದರೂ ಕಿವಿಗೆ ಒರಟು. ಹೆಸರನ್ನು ಉದ್ಧರಣಚಿಹ್ನೆಯೊಳಗಿಟ್ಟು, ‘ಎಂಬ ಕಡತವನ್ನು ಅಳಿಸಲಾಗಿದೆ’ ಎಂದು ಪ್ರತ್ಯಯದ ಭಾರವನ್ನು ಗೊತ್ತಿರುವ ಪದದ ಮೇಲೆ ಹೊರಿಸುವುದು ಇನ್ನೊಂದು. ಎರಡನೆಯದು ಕನ್ನಡದ ಜಾಯಮಾನಕ್ಕೆ ಒಗ್ಗಿದ್ದು. ‘ಎಂಬ’ ಎಂಬ ಚಿಕ್ಕ ಮಾತು ಶಾಸನಕಾಲದಿಂದಲೂ ಅಪರಿಚಿತ ನಾಮಗಳನ್ನು ವಾಕ್ಯಕ್ಕೆ ಬರಮಾಡಿಕೊಳ್ಳುತ್ತ ಬಂದಿದೆ. ಗಣಕಯಂತ್ರದಲ್ಲಿಯೂ ಅದೇ ಕಾರ್ಯವನ್ನು ಮಾಡುತ್ತಿದೆ.

ಸಂಖ್ಯೆಯ ವಿಷಯದಲ್ಲಿ ಯಂತ್ರವು ಏಕವಚನ, ಬಹುವಚನ ಎಂಬ ಎರಡು ರೂಪಗಳನ್ನು ಕೇಳುತ್ತದೆ. ಕನ್ನಡದ ನಪುಂಸಕದಲ್ಲಿ ‘ಐದು ಕಡತ’ವೆಂದರೂ ‘ಐದು ಕಡತಗಳು’ ಎಂದರೂ ಸಾಧುವೇ. ಮನುಷ್ಯರ ವಿಷಯದಲ್ಲಿ ಮಾತ್ರ ‘ಎರಡು ಬಳಕೆದಾರರು’ ಎಂಬುದು ಸಲ್ಲದು. ‘ಇಬ್ಬರು’ ಎಂದೇ ಆಗಬೇಕು. ಅಂಕಿಯಲ್ಲಿ ‘೨ ಬಳಕೆದಾರರು’ ಎಂದು ಬರೆದರೆ ಓದುವವನು ಅದನ್ನು ‘ಇಬ್ಬರು’ ಎಂದು ಓದಿಕೊಳ್ಳಬಲ್ಲನು. ಅಂಕಿಯು ಇಲ್ಲಿ ವ್ಯಾಕರಣದೋಷವನ್ನು ಮರೆಮಾಡುವ ತೆರೆಯಾಗಿ ಒದಗಿದೆ.

೬. ಪ್ರಸಾರ

ತಂತ್ರಾಂಶವು ಸಿದ್ಧವಾದ ಮಾತ್ರಕ್ಕೆ ಜನ ಅದನ್ನು ಬಳಸುವರೆಂದು ಹೇಳುವಂತಿಲ್ಲ. ಅದನ್ನು ಹೊತ್ತು ನಡೆಯುವವರು ಬೇಕು. ೨೦೦೯ರಲ್ಲಿ ರೂಪುಗೊಂಡ ಕರ್ನಾಟಕ ಸ್ವತಂತ್ರ ತಂತ್ರಾಂಶ ಆಂದೋಲನವು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ನಡೆಸಿತು. ಬನ್ನೇರುಘಟ್ಟ ರಸ್ತೆಗೆ ಸಮೀಪವಾದ ಒಂದು ಕೊಳೆಗೇರಿಯಲ್ಲಿ ಸ್ವಯಂಸೇವಕರು ಅಂಬೇಡ್ಕರ್ ಹೆಸರಿನ ಗಣಕಕೇಂದ್ರವನ್ನು ನಡೆಸಿದರು. ತಂತ್ರಾಂಶಸಂಸ್ಥೆಗಳ ಉದ್ಯೋಗಿಗಳು ಬಿಡುವಿನ ದಿನಗಳಲ್ಲಿ ಅಲ್ಲಿಗೆ ಬಂದು, ಅದೇ ನಗರದಲ್ಲಿದ್ದೂ ಗಣಕಯಂತ್ರವನ್ನು ಮುಟ್ಟದಿದ್ದ ಮಕ್ಕಳಿಗೆ ಮುಕ್ತ ತಂತ್ರಾಂಶದ ಮೂಲಕ ಪಾಠ ಹೇಳಿದರು. ಬೆಲೆಯಿಲ್ಲದ ತಂತ್ರಾಂಶವೂ ಹಳೆಯ ಯಂತ್ರಗಳೂ ಸೇರಿದರೆ ಬಡವರ ಕೇರಿಯಲ್ಲಿಯೂ ಪಾಠಶಾಲೆಯನ್ನು ತೆರೆಯಬಹುದೆಂಬುದು ಇದರಿಂದ ಸಿದ್ಧವಾಯಿತು.

ಇನ್ನೂ ವಿಸ್ತಾರವಾದ ಪ್ರಯತ್ನವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆಯಿತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಕೂಡಿ ವಿಷಯ ಶಿಕ್ಷಕರ ವೇದಿಕೆಗಳನ್ನು ಏರ್ಪಡಿಸಿ, ಅಧ್ಯಾಪಕರಿಗೆ ಮುಕ್ತ ತಂತ್ರಾಂಶಗಳಲ್ಲಿ ತರಬೇತಿಯನ್ನು ಕೊಟ್ಟವು. ೨೦೧೩ರ ಹೊತ್ತಿಗೆ ಇದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಯೋಜನೆಯಾಗಿ ಬೆಳೆದು, ಅಧ್ಯಾಪಕರು ತಾವೇ ಪಾಠಸಾಮಗ್ರಿಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ರಚಿಸಿ ಪರಸ್ಪರ ತಿದ್ದಿಕೊಳ್ಳುವಂತಾಯಿತು. ಮುಕ್ತ ತಂತ್ರಾಂಶದ ನಿಯಮವೇ ಪಾಠಪುಸ್ತಕದ ನಿಯಮವೂ ಆದುದಕ್ಕೆ ಇದು ನಿದರ್ಶನ.

ಸಾಹಿತ್ಯದ ಅಧ್ಯಯನಕ್ಕೆ ನೇರವಾಗಿ ಒದಗಿದ ಫಲವೆಂದರೆ ‘ವಚನ ಸಂಚಯ’. ಹಳೆಯ ಸಂಕೇತದಲ್ಲಿ ಬೆರಳಚ್ಚಾಗಿದ್ದ ವಚನಗಳನ್ನು ಯೂನಿಕೋಡಿಗೆ ಮಾರ್ಪಡಿಸಿ, ಯಾವ ಪದವು ಯಾವ ವಚನಕಾರರಲ್ಲಿ ಎಷ್ಟು ಬಾರಿ ಬರುತ್ತದೆಂಬುದನ್ನು ಕ್ಷಣಮಾತ್ರದಲ್ಲಿ ತಿಳಿಯುವಂತೆ ‘ಸಂಚಯ’ ಬಳಗದ ತಂತ್ರಜ್ಞರು ಮಾಡಿದರು. ಪದಪ್ರಯೋಗಕೋಶವನ್ನು ಕೈಯಿಂದ ಸಿದ್ಧಪಡಿಸಲು ಒಬ್ಬ ವಿದ್ವಾಂಸನ ಆಯುಷ್ಯವೆಲ್ಲ ಹಿಡಿಯುತ್ತಿತ್ತು. ಹಳೆಯ ಸಂಕೇತದಿಂದ ಹೊಸದಕ್ಕೆ ಬರಹವನ್ನು ತರುವ ಪರಿವರ್ತಕಗಳೂ ಮುಕ್ತ ರೂಪದಲ್ಲಿ ದೊರೆಯುತ್ತಿರುವುದರಿಂದ, ವಿದ್ಯಾಸಂಸ್ಥೆಗಳಲ್ಲಿ ಬೀಗಹಾಕಿದಂತಿರುವ ಬೆರಳಚ್ಚುಪ್ರತಿಗಳಿಗೂ ಬಿಡುಗಡೆಯು ಸಾಧ್ಯವಾಗಿದೆ.

೭. ಉಪಸಂಹಾರ

ಇಷ್ಟನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕಾಗಿದೆ. ತೆರೆಯ ಅನುವಾದವು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಗ್ನೋಮ್ ಸಮುದಾಯವು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುತ್ತದೆ. ಪ್ರತಿಸಾರಿಯೂ ಹೊಸ ಮಾತುಗಳು ಬರುತ್ತವೆ, ಹಳೆಯವು ಬದಲಾಗುತ್ತವೆ. ಅನುವಾದಕರು ಸುಮ್ಮನಾದರೆ ಕನ್ನಡದ ತೆರೆಯಲ್ಲಿ ಇಂಗ್ಲಿಷ್ ಮಾತುಗಳು ನಡುನಡುವೆ ಇಣುಕತೊಡಗಿ, ಕೆಲವೇ ವರ್ಷಗಳಲ್ಲಿ ಅದು ಹರುಕು ಕಂಬಳಿಯಂತಾಗುತ್ತದೆ. ಅಂತಹ ತೆರೆಯನ್ನು ಕಂಡವನು ಕನ್ನಡವೇ ಈ ಕೆಲಸಕ್ಕೆ ಬಾರದೆಂದು ತಿಳಿಯುವನು, ಇಂಗ್ಲಿಷಿಗೆ ಮರಳುವನು, ಬಳಸುವವರಿಲ್ಲವೆಂದು ಅನುವಾದಕನೂ ನಿಲ್ಲಿಸುವನು. ಈ ವಿಷಚಕ್ರವೇ ನಿಜವಾದ ಅಪಾಯ.

ಇಂಜಿನಿಯರುಗಳು ತಮ್ಮ ಪಾಲಿನದನ್ನು ಮಾಡಿದ್ದಾರೆ. ಅವರು ಬಿಟ್ಟಿರುವ ಖಾಲಿ ಸಾಲುಗಳನ್ನು ತುಂಬಲು ಬೇಕಾದ ವಿದ್ಯೆಯು ಕನ್ನಡದ ತರಗತಿಗಳಲ್ಲಿದೆ. ಯಾವ ಮಾತು ಜನರ ಬಾಯಲ್ಲಿ ನಿಲ್ಲುವುದು, ಯಾವುದು ಕೋಶದಲ್ಲಿಯೇ ಉಳಿಯುವುದು ಎಂಬುದನ್ನು ಗ್ರಹಿಸುವ ಕಿವಿ, ಸಂಧಿಯನ್ನು ಬಿಡಿಸದೆ ವಾಕ್ಯವನ್ನು ತಿರುಗಿಸಬಲ್ಲ ಚಾತುರ್ಯ, ೞಕಾರವನ್ನು ಫಕಾರವೆಂದು ಬರೆದಾಗ ಒಡನೆಯೇ ತಡೆಯಬಲ್ಲ ಎಚ್ಚರ — ಇವು ಸಾಹಿತ್ಯಾಧ್ಯಾಪಕರಲ್ಲಿ ಇರುವಷ್ಟು ಮತ್ತಾರಲ್ಲಿಯೂ ಇರಲಾರವು. ಒಂದು ಕಾಲೇಜಿನ ಕನ್ನಡ ವಿಭಾಗವು ತನ್ನ ವಿದ್ಯಾರ್ಥಿಗಳೊಡನೆ ಒಂದು ತಂತ್ರಾಂಶದ ಅನುವಾದವನ್ನು ವಹಿಸಿಕೊಂಡರೆ ಭಾಷಾಂತರದ ಪಾಠವೂ ವ್ಯಾಕರಣದ ಪಾಠವೂ ಅಲ್ಲಿಯೇ ನಡೆಯುತ್ತವೆ. ವಿದ್ಯಾರ್ಥಿಯ ಹೆಸರು ಆ ಕೆಲಸದ ದಾಖಲೆಯಲ್ಲಿ ಉಳಿಯುತ್ತದೆ. ಅವನು ಬರೆದ ವಾಕ್ಯವು ಪರೀಕ್ಷೆಯ ಉತ್ತರಪತ್ರಿಕೆಯೊಡನೆ ರದ್ದಿಗೆ ಹೋಗದೆ ಸಾವಿರಾರು ತೆರೆಗಳ ಮೇಲೆ ಕಾಣುತ್ತದೆ. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಓದುವವರು ತಮಗೆ ಬೇಕಾದ ಚಿಹ್ನೆಗಳು ಸಂಕೇತಪಟ್ಟಿಯಲ್ಲಿ ಇವೆಯೇ ಇಲ್ಲವೇ ಎಂಬುದನ್ನು ನೋಡಿ, ಇಲ್ಲದಿದ್ದರೆ ಆಧಾರಗಳನ್ನು ಒದಗಿಸಬಹುದು. ಬಾಗಿಲು ತೆರೆದಿದೆ, ಒಳಗೆ ಬರಲು ಯಾರ ಅಪ್ಪಣೆಯೂ ಬೇಕಾಗಿಲ್ಲ.